ಉಪ್ಪುಗಾಳಿಯ ಊರಲ್ಲಿ ಬೈಕಿನ ಇಂಜಿನ್‌ಗೆ ಬಣ್ಣ ಹೊಡೆದು ಕಾಯಿಸುವುದು

ನಮ್ಮ ಮನೆ ಮಲ್ಪೆ ಬಂದರಿಗೆ ಹತ್ತಿರ. ಅಪ್ಪನ ಯಮಹಾ ಆರ್‌ಎಕ್ಸ್ 100 ಬೈಕು ಇಪ್ಪತ್ತು ವರ್ಷ ದಿನಾ ಬಂದರಿಗೆ ಹೋಗಿ ಬಂದ ಗಾಡಿ. ಹಿಂದೆ ಕಟ್ಟಿದ ಮೀನಿನ ಬುಟ್ಟಿಯಿಂದ ನೀರು ಸೋರಿ ಬಿಸಿ ಸೈಲೆನ್ಸರ್ ಮೇಲೆ ಬೀಳುತ್ತಿತ್ತು. ನೀರು ಆರಿ ಹೋಗುತ್ತಿತ್ತು, ಉಪ್ಪು ಉಳಿಯುತ್ತಿತ್ತು. ಗಾಡಿ ನನ್ನ ಕೈಗೆ ಬಂದ ಮೇಲೆ ಎರಡು ಸಲ ಬಣ್ಣ ಹೊಡೆದಿದ್ದೇನೆ. ಮೊದಲನೆಯದು ಆರು ತಿಂಗಳೂ ನಿಲ್ಲಲಿಲ್ಲ. ಎರಡನೆಯದು ಈಗ ನಾಲ್ಕನೇ ಮಳೆಗಾಲ ದಾಟಿದೆ. ಎರಡು ಸಲವೂ ಒಂದೇ ಬಣ್ಣ. ಎರಡನೇ ಸಲ ಸರಿಯಾಗಿ ತೊಳೆದೆ, ಸರಿಯಾಗಿ ಕಾಯಿಸಿದೆ, ಅಷ್ಟೇ.

ಮೊದಲ ಸಲ ನಾನು ತುಕ್ಕು ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ, ನೇರ ಬಣ್ಣ ಹೊಡೆದಿದ್ದೆ. ಅದು ಗುಳ್ಳೆ ಎದ್ದದ್ದನ್ನು ನಮ್ಮ ಕಡೆಯ ಹಳೇ ಮೆಕ್ಯಾನಿಕ್ ಅಣ್ಣನಿಗೆ ತೋರಿಸಿದೆ. ಅವರು ಉಗುರಿನಲ್ಲಿ ಒಂದು ಗುಳ್ಳೆ ಒಡೆದು ನೋಡಿ, "ಎಂತ ಮಾರಾಯ, ನೀರಲ್ಲಿ ತೊಳೀಲೇ ಇಲ್ವಾ?" ಎಂದು ಕೇಳಿದರು. ಥಿನ್ನರ್ ಎಣ್ಣೆ, ಗ್ರೀಸ್ ತೆಗೆಯುತ್ತದೆ. ಉಪ್ಪು ಅದರಲ್ಲಿ ಕರಗುವುದಿಲ್ಲ. ಬಣ್ಣದ ಅಡಿಯಲ್ಲಿ ಉಳಿದ ಉಪ್ಪು ತೇವ ಎಳೆದುಕೊಂಡು ಅಲ್ಲೇ ತುಕ್ಕು ಶುರು ಮಾಡುತ್ತದೆ. ಹಾಗಾಗಿ ಬಿಚ್ಚಿದ ಭಾಗಗಳನ್ನು ಮೊದಲು ಸೋಪು ನೀರಿನಲ್ಲಿ ಬ್ರಶ್ ಹಾಕಿ ತಿಕ್ಕಿ, ಸಿಹಿನೀರಿನಲ್ಲಿ ಎರಡು ಮೂರು ಸಲ ಜಾಲಾಡಿಸಿ. ಸಮುದ್ರದ ಹತ್ತಿರದ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಕೊನೆಯ ಸಲ ಜಾಲಿಸುವಾಗ ಅದು ಬೇಡ.

ಸೈಡ್ ಸ್ಟ್ಯಾಂಡ್, ಬ್ರಾಕೆಟ್‌ಗಳಂಥ ಕಬ್ಬಿಣದ ಭಾಗಕ್ಕೆ ನಾನು ಬಿಂಬುಳಿ ಬಳಸುತ್ತೇನೆ. ಹಿತ್ತಲಲ್ಲಿ ಉದುರಿ ಕೊಳೆಯುವ ಹಣ್ಣನ್ನು ಜಜ್ಜಿ, ನೀರು ಸೇರಿಸಿ, ಒಂದು ರಾತ್ರಿ ಅದರಲ್ಲಿ ಮುಳುಗಿಸಿಡಿ. ಅದರ ಹುಳಿ ತುಕ್ಕನ್ನು ಬಿಡಿಸುತ್ತದೆ. ಬೆಳಿಗ್ಗೆ ತೆಂಗಿನ ನಾರಿನಲ್ಲಿ ತಿಕ್ಕಿದರೆ ಹೋಗುತ್ತದೆ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಬೇಕು. ನಮ್ಮ ಹವೆಯಲ್ಲಿ ಸುಮ್ನೆ ಒಂದು ಗಂಟೆ ಬಿಟ್ಟರೂ ಕೇಸರಿ ಬಣ್ಣದ ಹೊಸ ತುಕ್ಕು ಬರುತ್ತದೆ. ಅಲ್ಯೂಮಿನಿಯಂಗೆ ಈ ಹುಳಿ ಬೇಡ, ಕಲೆ ಬೀಳುತ್ತದೆ. ಕಾಸ್ಟಿಕ್ ಸೋಡಾವಂತೂ ಬೇಡವೇ ಬೇಡ, ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ.

ಇನ್ನು ಉಜ್ಜುವ ಕೆಲಸ. 120 ನಂಬರಿನ ಎಮರಿ ಪೇಪರ್‌ನಿಂದ ಶುರು, 220, ಕೊನೆಗೆ 400. ಅದಕ್ಕಿಂತ ನುಣುಪು ಮಾಡಿದರೆ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಕ್ರೋಮ್ ಏಳುತ್ತಿರುವ ಕಡೆ ಅದನ್ನು ಪೂರ್ತಿ ತೆಗೆಯಿರಿ. ಅರ್ಧ ಎದ್ದ ಕ್ರೋಮ್ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ.

ಸಿಲಿಂಡರ್ ಬ್ಲಾಕ್ ಮತ್ತು ಹೆಡ್‌ಗೆ ಇನ್ನೊಂದು ಕೆಲಸ ಇದೆ. ಹಳೇ ಎರಕದ ಅಲ್ಯೂಮಿನಿಯಂನ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ ಕೂತಿರುತ್ತದೆ. ಒರೆಸಿದಾಗ ಕಾಣುವುದಿಲ್ಲ, ಬಿಸಿ ಮಾಡಿದಾಗ ಬೆವರಿನ ಹಾಗೆ ಹೊರಗೆ ಬರುತ್ತದೆ. ಬಣ್ಣ ಹೊಡೆದ ಮೇಲೆ ಬೆವರಿದರೆ ಬಣ್ಣವೇ ಏಳುತ್ತದೆ. ಅದಕ್ಕೆ ಬರೀ ಲೋಹವನ್ನೇ ಮೊದಲು 120 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ತಣ್ಣಗಾದ ಮೇಲೆ ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಒರೆಸಿ. ಥಿನ್ನರ್ ಪೂರ್ತಿ ಆರಿದ ಮೇಲೆ ಇನ್ನೊಂದು ಸಲ ಕಾಯಿಸಿ ಒರೆಸಿ. ಬಟ್ಟೆ ಬೆಳ್ಳಗೆ ಉಳಿಯುವ ತನಕ ಇದನ್ನು ಮಾಡಬೇಕು. ನನಗೆ ಮೂರು ಸಲ ಬೇಕಾಯಿತು.

ಬಣ್ಣ ಹೊಡೆಯುವ ಹೊತ್ತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಬೇರೆ ಊರಿನವರ ಸಲಹೆ ನಮ್ಮ ಕರಾವಳಿಗೆ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸ ಮುಟ್ಟಬೇಡಿ. ತೇವಕ್ಕೆ ಬಣ್ಣ ಬಿಳಚಿಕೊಳ್ಳುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಅದರಲ್ಲೂ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರ ಒಳಗೆ. ಅಷ್ಟರಲ್ಲಿ ಇಬ್ಬನಿ ಆರಿರುತ್ತದೆ. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಏಳುತ್ತದೆ, ಅದರ ಜೊತೆ ತೇವವೂ ಉಪ್ಪೂ ಬರುತ್ತದೆ.

ಪಿಸ್ಟನ್ ಓಡಾಡುವ ಬೋರ್, ಗ್ಯಾಸ್ಕೆಟ್ ಕೂರುವ ಜಾಗ, ಪ್ಲಗ್ಗಿನ ಥ್ರೆಡ್, ಇವಕ್ಕೆಲ್ಲ ಟೇಪ್ ಹಾಕಿ ಮುಚ್ಚಿ. ಶಾಖ ತಡೆಯುವ ಸಿಲಿಕೋನ್ ಬಣ್ಣವೇ ಬೇಕು, ಮಾಮೂಲಿ ಎನಾಮಲ್ ಆಗುವುದಿಲ್ಲ. ಸ್ಪ್ರೇ ಡಬ್ಬವನ್ನು ಎರಡು ನಿಮಿಷ ಕುಲುಕಿ, 25 ಸೆಂಟಿಮೀಟರ್ ದೂರದಿಂದ ಹೊಡೆಯಿರಿ. ಮೊದಲ ಕೋಟ್‌ನಲ್ಲಿ ಲೋಹ ಅಲ್ಲಲ್ಲಿ ಕಾಣುತ್ತಿರಬೇಕು. ಹತ್ತು ನಿಮಿಷ ಬಿಟ್ಟು ಎರಡನೆಯದು, ಇನ್ನು ಹತ್ತು ನಿಮಿಷ ಬಿಟ್ಟು ಮೂರನೆಯದು. ಸಾಕು. ಫಿನ್‌ಗಳ (ಇಂಜಿನ್ ಸುತ್ತ ಇರುವ ತೆಳು ಪಟ್ಟಿಗಳ) ಮೇಲೆ ದಪ್ಪ ಬಣ್ಣ ಕೂತರೆ ಗುಳ್ಳೆ ಬರುತ್ತದೆ, ಇಂಜಿನ್ ತಣ್ಣಗಾಗುವುದಕ್ಕೂ ಅಡ್ಡಿ. ಧೂಳಿನ ಮಾಸ್ಕ್ ಥಿನ್ನರ್ ಹಬೆಯನ್ನು ತಡೆಯುವುದಿಲ್ಲ. ರಾಸಾಯನಿಕ ಹಬೆಗೆಂದೇ ಮಾಡಿದ ಕಾರ್ಟ್ರಿಜ್ ಇರುವ ಮಾಸ್ಕ್ ತೆಗೆದುಕೊಳ್ಳಿ.

ಈ ಬಣ್ಣ ಗಾಳಿಗೆ ಆರಿದ ಹಾಗೆ ಕಾಣುತ್ತದೆ, ಗಟ್ಟಿ ಆಗಿರುವುದಿಲ್ಲ. ಅದರೊಳಗಿನ ರಾಳ ಶಾಖಕ್ಕೇ ಹೆಣೆದುಕೊಳ್ಳುವುದು. ಕಾಯಿಸದೆ ಬಿಟ್ಟರೆ ಒಂದು ಹನಿ ಪೆಟ್ರೋಲ್ ಬಿದ್ದರೂ ಎದ್ದು ಬರುತ್ತದೆ.

ನಾನು ಹಳೇ ಓಟಿಜಿ (ಕರೆಂಟಿನ ಸಣ್ಣ ಓವನ್) ಒಂದನ್ನು ಇದಕ್ಕೇ ಅಂತ ಇಟ್ಟುಕೊಂಡಿದ್ದೇನೆ. ಅಡುಗೆಗೆ ಬಳಸುವ ಓವನ್ ಬೇಡ, ಬಣ್ಣ ಕಾಯಿಸಿದ ಓವನ್ ಮತ್ತೆ ಅಡುಗೆಮನೆಗೆ ಬರಲೂಬಾರದು. ಮನೆಯೊಳಗೆ ಇಡದೆ ಜಗಲಿಯಲ್ಲಿ ಇಡಿ. ಬಣ್ಣ ಹೊಡೆದ ಕೂಡಲೇ ಭಾಗವನ್ನು ಒಳಗಿಡಬೇಡಿ. ಬಣ್ಣದ ಹಬೆ ಕೆಂಪಗೆ ಕಾದ ಕಾಯಿಲ್‌ಗೆ ತಾಗಿದರೆ ಬೆಂಕಿ ಹತ್ತುತ್ತದೆ. ನಾನು ಒಂದು ಇಡೀ ದಿನ ಆರಲು ಬಿಟ್ಟು, ಟೇಪ್ ತೆಗೆದು, ಆಮೇಲೆ ಇಡುತ್ತೇನೆ. ಓವನ್ನಿನ ಗುಂಡಿ ತೋರಿಸುವ ಡಿಗ್ರಿ ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ. ಅಡಿಯಲ್ಲಿ ಚೆನ್ನಾಗಿ ಒಣಗಿದ ಮಂಗಳೂರು ಹಂಚಿನ ಎರಡು ತುಂಡು ಇಟ್ಟರೆ ಶಾಖ ಒಂದೇ ಸಮ ನಿಲ್ಲುತ್ತದೆ.

ಮೊದಲು 120 ಡಿಗ್ರಿಯಲ್ಲಿ ಅರ್ಧ ಗಂಟೆ. ಬಾಗಿಲು ತೆರೆಯದೆ ತಣ್ಣಗಾಗಲು ಬಿಡಿ. ಆಮೇಲೆ 200 ಡಿಗ್ರಿಯಲ್ಲಿ ಅರ್ಧ ಗಂಟೆ, ಮತ್ತೆ ತಣ್ಣಗೆ. ಬ್ಲಾಕ್ ದಪ್ಪ ಲೋಹ, ಬಿಸಿಯಾಗಲು ಹೊತ್ತು ಬೇಕು. ಲೋಹ ಆ ಶಾಖಕ್ಕೆ ಬಂದ ಮೇಲೆ ಸಮಯ ಲೆಕ್ಕ ಹಾಕಿ. ನಿಮ್ಮ ಡಬ್ಬದ ಮೇಲೆ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಕೊನೆಗೆ ಮೂಲೆಯಲ್ಲಿ ಪೆಟ್ರೋಲ್ ಬಟ್ಟೆಯಿಂದ ಉಜ್ಜಿ ನೋಡಿ. ಬಟ್ಟೆಗೆ ಕಪ್ಪು ಹತ್ತದಿದ್ದರೆ ಆಯಿತು.

ಪೆಟ್ರೋಲ್ ಟ್ಯಾಂಕ್, ಶಾಕ್ ಅಬ್ಸಾರ್ಬರ್, ರಬ್ಬರ್ ಸೀಲ್ ಇರುವ ಯಾವ ಭಾಗವನ್ನೂ ಓವನ್ನಿಗೆ ಇಡಬೇಡಿ. ಖಾಲಿ ಟ್ಯಾಂಕಿನಲ್ಲೂ ಪೆಟ್ರೋಲ್ ಆವಿ ಇರುತ್ತದೆ, ಸಿಡಿಯುತ್ತದೆ. ಶಾಕ್ ಅಬ್ಸಾರ್ಬರ್ ಒಳಗೆ ಎಣ್ಣೆ, ಕೆಲವದರಲ್ಲಿ ಗ್ಯಾಸ್ ಕೂಡ ಇದೆ. ಅಲಾಯ್ ವೀಲ್ ಕೂಡ ಬೇಡ, ಶಾಖಕ್ಕೆ ಅದರ ಬಲ ಕಡಿಮೆಯಾಗಬಹುದು.

ಸೈಲೆನ್ಸರ್ ಓವನ್ನಿನಲ್ಲಿ ಹಿಡಿಸುವುದಿಲ್ಲ. ಅದನ್ನು ಗಾಡಿಗೆ ಹಾಕಿಯೇ ಕಾಯಿಸಬೇಕು. ಟೂ ಸ್ಟ್ರೋಕ್ ಆದರೆ ಬಣ್ಣ ಹೊಡೆಯುವ ಮೊದಲೇ ಒಳಗಿನ ಎಣ್ಣೆ ಕಿಟ್ಟ ತೆಗೆದಿರಿ, ಇಲ್ಲದಿದ್ದರೆ ಜಾಯಿಂಟ್‌ನಿಂದ ಸೋರಿ ಹೊಸ ಬಣ್ಣದ ಮೇಲೆ ಇಳಿಯುತ್ತದೆ. ಗಾಡಿಯನ್ನು ಅಂಗಳಕ್ಕೆ ತನ್ನಿ, ಇಂಜಿನ್ ಮುಂದೆ ಪೆಡೆಸ್ಟಲ್ ಫ್ಯಾನ್ ಇಡಿ. ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ. ಕೈ ಇಡುವಷ್ಟು ತಣ್ಣಗಾದ ಮೇಲೆ ಇಪ್ಪತ್ತು ನಿಮಿಷ. ಬಣ್ಣದಿಂದ ಹೊಗೆ ಬರುತ್ತದೆ, ಹೆದರಬೇಡಿ. ಇಂಜಿನ್‌ನಿಂದ ಸೈಲೆನ್ಸರ್‌ಗೆ ಬರುವ ಬೆಂಡ್ ಪೈಪ್ ತನ್ನ ಶಾಖಕ್ಕೆ ತಾನೇ ಗಟ್ಟಿಯಾಗುತ್ತದೆ. ಹಿಂದಿನ ತುದಿ ಅಷ್ಟು ಬಿಸಿಯಾಗುವುದಿಲ್ಲ, ಅಲ್ಲಿಗೆ ಹೀಟ್ ಗನ್ ಹಿಡಿಯಬೇಕು. ಮೂರನೇ ಸಲ ಅರ್ಧ ಗಂಟೆ ಓಡಿಸಿಕೊಂಡು ಬನ್ನಿ. ನಾನು ಅಪ್ಪನನ್ನು ಹಿಂದೆ ಕೂರಿಸಿಕೊಂಡು ಕಲ್ಯಾಣಪುರದ ಕಡೆ ಹೋಗಿ ಬಂದೆ. ಬಂದರಿನ ದಾರಿ ಆ ದಿನ ಬೇಡ ಅಂತ ಅವರೇ ಹೇಳಿದರು.