ಇಂಜಿನ್ ಓಟ ಏರುಪೇರೇ? ಸಿವಿ ಮುಟ್ಟುವ ಮೊದಲು ಚಕ್ರ ನೋಡಿ

ಡಿಸಿಸಿ (ಹಳಿಯ ಮೂಲಕವೇ ಇಂಜಿನ್ನಿಗೆ ಡಿಜಿಟಲ್ ಆದೇಶ ಕಳುಹಿಸುವ ವ್ಯವಸ್ಥೆ) ಅಳವಡಿಸಿದ ಮಾದರಿ ರೈಲಿನಲ್ಲಿ ಇಂಜಿನ್ ತಡವರಿಸತೊಡಗಿದರೆ ಹೆಚ್ಚಿನವರು ಮೊದಲು ಕೈ ಹಾಕುವುದು ಡಿಕೋಡರ್‌ನ, ಅಂದರೆ ಇಂಜಿನ್ನಿನೊಳಗೆ ಕೂತು ಆ ಆದೇಶ ಪಾಲಿಸುವ ಪುಟ್ಟ ಸರ್ಕ್ಯೂಟಿನ, ಸಿವಿಗಳಿಗೆ. ಡಿಕೋಡರ್ ಹೇಗೆ ವರ್ತಿಸಬೇಕೆಂದು ನಿರ್ಧರಿಸುವ ಸಂಖ್ಯೆಗಳೇ ಸಿವಿ. ಒಂದು ಸಂಖ್ಯೆ ಬದಲಿಸುತ್ತಾರೆ, ಸರಿಹೋಗಲಿಲ್ಲವೆಂದು ಇನ್ನೊಂದು. ಸಂಜೆಯಾಗುವಷ್ಟರಲ್ಲಿ ಮೊದಲಿದ್ದ ದೋಷ ಯಾವುದು, ತಾವೇ ಸೇರಿಸಿದ್ದು ಯಾವುದು ಎಂಬುದೇ ತಿಳಿಯದಂತಾಗುತ್ತದೆ. ಇದನ್ನು ಮತ್ತೆ ಮತ್ತೆ ಕಂಡಿದ್ದರಿಂದಲೇ ಈ ಲೇಖನ. ಬಹುಪಾಲು ದೋಷ ಇರುವುದು ಚಕ್ರದಲ್ಲಿ, ಹಳಿಯಲ್ಲಿ, ಗೇರಿನಲ್ಲಿ. ಸಿವಿಯ ಸರದಿ ಕೊನೆಯದು.

ಹಂತ 1: ದೀಪದ ಮೇಲೆ ಕಣ್ಣಿಡಿ

ಕೋಣೆಯ ಬೆಳಕು ತಗ್ಗಿಸಿ, ಹೆಡ್‌ಲೈಟ್ ಹೊತ್ತಿಸಿ, ಇಂಜಿನ್ನನ್ನು ನಿಧಾನವಾಗಿ ಓಡಿಸಿ. ಅದು ತಡವರಿಸಿದ ಕ್ಷಣದಲ್ಲೇ ದೀಪವೂ ಮಿಣುಕಿದರೆ, ಅಥವಾ ಇಂಜಿನ್ನಿನ ಸದ್ದು ನಿಂತು ಮೊದಲಿನಿಂದ ಶುರುವಾದರೆ, ಡಿಕೋಡರ್‌ಗೆ ಕರೆಂಟ್ ತಪ್ಪುತ್ತಿದೆ ಎಂದರ್ಥ. ದೀಪ ಒಂದೇ ಸಮ ಉರಿಯುತ್ತಿದ್ದು ಓಟ ಮಾತ್ರ ಏರುಪೇರಾದರೆ ಗೇರು, ಮೋಟಾರು ಅಥವಾ ಸಿವಿಯನ್ನು ಅನುಮಾನಿಸಿ. ಕರೆಂಟ್ ತಪ್ಪಿದಾಗ ಕ್ಷಣಕಾಲ ಇಂಜಿನ್ನನ್ನು ನಡೆಸುವ ಸ್ಟೇ-ಅಲೈವ್ ಕೆಪಾಸಿಟರ್ ಇದ್ದರೆ ಪರೀಕ್ಷೆ ಮುಗಿಯುವವರೆಗೆ ಅದನ್ನು ಬಿಡಿಸಿಡಿ. ಕರೆಂಟ್ ತಪ್ಪಿದ್ದನ್ನು ಅದು ಮುಚ್ಚಿಡುತ್ತದೆ. ಕೊಳೆಯಾದ ಚಕ್ರಕ್ಕೆ ಕೆಪಾಸಿಟರ್ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ತಡವರಿಕೆ ಸದಾ ಒಂದೇ ಜಾಗದಲ್ಲಾದರೆ ಹಳಿಯನ್ನು ನೋಡಿ, ಎಲ್ಲೆಡೆ ಆದರೆ ಇಂಜಿನ್ನನ್ನು ನೋಡಿ. ಸಂಶಯವಿದ್ದರೆ ಅದೇ ಜಾಗದಲ್ಲಿ ಬೇರೊಂದು ಇಂಜಿನ್ ಓಡಿಸಿ.

ಹಂತ 2: ಚಕ್ರ ಮತ್ತು ಕರೆಂಟ್ ಪಟ್ಟಿ

ಎಲ್ಲರೂ ಅವಸರ ಮಾಡಿ ಕೆಡಿಸಿಕೊಳ್ಳುವ ಹಂತ ಇದು. ಟಿಶ್ಯೂ ಕಾಗದದ ಒಂದು ತುಂಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತುಸು ತೇವ ಮಾಡಿ ಹಳಿಗೆ ಅಡ್ಡವಾಗಿ ಹಾಸಿ. ಇಂಜಿನ್ನಿನ ಒಂದು ತುದಿಯ (ಮುಂದಿನ ಅಥವಾ ಹಿಂದಿನ) ಚಕ್ರಗಳು ಕಾಗದದ ಮೇಲಿರಲಿ, ಇನ್ನೊಂದು ತುದಿಯವು ಬರಿ ಹಳಿಯ ಮೇಲೆ ನಿಂತು ಕರೆಂಟ್ ಪಡೆಯಲಿ. ಇಂಜಿನ್ನನ್ನು ಹಗುರವಾಗಿ ಹಿಡಿದುಕೊಂಡು ಓಡಿಸಿ. ಕಾಗದದ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ. ಕಾಗದ ಸರಿಸಿ, ಗೆರೆ ಮೂಡದಿರುವವರೆಗೂ ಮುಂದುವರಿಸಿ. ಆಮೇಲೆ ಇಂಜಿನ್ ತಿರುಗಿಸಿ ಇನ್ನೊಂದು ತುದಿ. ರಬ್ಬರ್ ಪಟ್ಟಿ ತೊಡಿಸಿದ ಚಕ್ರಕ್ಕೆ ಆಲ್ಕೋಹಾಲ್ ತಾಗಿಸದಿರಿ. ಮರಳುಕಾಗದವಂತೂ ಬೇಡವೇ ಬೇಡ. ಅದು ಎಬ್ಬಿಸುವ ಗೀರುಗಳಲ್ಲೇ ಕೊಳೆ ಮತ್ತೆ ಬೇಗ ಕೂರುತ್ತದೆ. ಹಳಿ ಉಜ್ಜಲೆಂದು ಮಾರುವ ಒರಟು ರಬ್ಬರ್ ತುಂಡುಗಳ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ. ಹಳಿಗೂ ಆಲ್ಕೋಹಾಲ್ ಮತ್ತು ಹತ್ತಿಬಟ್ಟೆ ಸಾಕು.

ಚಕ್ರ ಹೊಳೆದರಷ್ಟೇ ಸಾಲದು. ಚಕ್ರದ ಹಿಂಬದಿಗೆ ತಾಗುವ ತೆಳು ಲೋಹದ ಪಟ್ಟಿಯನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ಇಂಜಿನ್ನನ್ನು ಮೆತ್ತನೆಯ ಬಟ್ಟೆಯ ಮೇಲೆ ಮಗುಚಿ, ಭೂತಗನ್ನಡಿ ಹಿಡಿದು ನೋಡಿ. ಪ್ರತಿ ಜೋಡಿ ಚಕ್ರವನ್ನು ಬೆರಳಿನಿಂದ ಎಡಕ್ಕೆ ತಳ್ಳಿ, ಬಲಕ್ಕೆ ತಳ್ಳಿ. ಎರಡೂ ಸ್ಥಿತಿಯಲ್ಲಿ ಪಟ್ಟಿ ಚಕ್ರವನ್ನು ಬಿಡದೆ ತಾಗುತ್ತಿರಬೇಕು. ಒಂದು ಕಡೆ ಕೂದಲೆಳೆಯಷ್ಟು ಬಿಟ್ಟರೂ ತಿರುವಿನಲ್ಲಿ ಕರೆಂಟ್ ತಪ್ಪುತ್ತದೆ. ಪಟ್ಟಿಯ ತುದಿಗೆ ಸುತ್ತಿಕೊಂಡ ಕೂದಲು, ದಾರದ ಎಳೆಯನ್ನು ಚಿಮುಟದಿಂದ ತೆಗೆಯಿರಿ. ಪಟ್ಟಿಯನ್ನು ಬಾಗಿಸುವುದಾದರೆ ಬುಡದ ಹತ್ತಿರ, ಅದೂ ಸ್ವಲ್ಪವೇ. ಹೆಚ್ಚು ಒತ್ತಿದರೆ ಅದೇ ಬ್ರೇಕಾಗಿ ಬೇರೊಂದು ಏರುಪೇರು ಶುರುವಾಗುತ್ತದೆ. ಕೊನೆಗೆ ಮಲ್ಟಿಮೀಟರ್ ಹಿಡಿದು, ಬಲಗಡೆಯ ಒಂದೊಂದು ಚಕ್ರಕ್ಕೂ ಡಿಕೋಡರ್‌ನ ಕೆಂಪು ವೈರಿಗೂ, ಎಡಗಡೆಯ ಚಕ್ರಗಳಿಗೂ ಕಪ್ಪು ವೈರಿಗೂ ಸಂಪರ್ಕವಿದೆಯೇ ಪರೀಕ್ಷಿಸಿ. ಚಕ್ರ ತಿರುಗಿಸುತ್ತಾ ನೋಡಬೇಕು. ನಿಂತ ಚಕ್ರ ಸುಳ್ಳು ಹೇಳುತ್ತದೆ.

ಹಂತ 3: ಹಳಿಗೆ ಕರೆಂಟ್

ಹಳಿ ಜೋಡಿಸುವ ಲೋಹದ ತುಣುಕುಗಳನ್ನು ನಂಬಬೇಡಿ. ಪ್ರತಿ ಹಳಿ ತುಂಡಿಗೂ ಹಲಗೆಯ ಕೆಳಗೆ ಹಾದುಹೋಗುವ ದಪ್ಪ ವೈರಿನಿಂದ ಒಂದೊಂದು ಕವಲು ವೈರು ಬೆಸುಗೆ ಹಾಕಿ. ವೋಲ್ಟೇಜ್ ಅಳೆಯುವುದಾದರೆ ಇಂಜಿನ್ ಓಡುತ್ತಿರುವಾಗ, ಹಳಿಯ ದೂರದ ತುದಿಯಲ್ಲಿ ಅಳೆಯಿರಿ. ಕರೆಂಟ್ ಹರಿಯದೆ ಕುಸಿತ ಕಾಣದು.

ಇಲ್ಲೊಂದು ಸೂಕ್ಷ್ಮವಿದೆ. ಈಗಿನ ಬಹುತೇಕ ಡಿಕೋಡರ್‌ಗಳಲ್ಲಿ ಬ್ಯಾಕ್ ಇಎಂಎಫ್ ನಿಯಂತ್ರಣವಿದೆ. ಮೋಟಾರಿಗೆ ಹೋಗುವ ಪಲ್ಸ್‌ಗಳ ನಡುವಿನ ಬಿಡುವಿನಲ್ಲಿ, ತಿರುಗುತ್ತಿರುವ ಮೋಟಾರೇ ಹುಟ್ಟಿಸುವ ವೋಲ್ಟೇಜನ್ನು ಅಳೆದು, ವೇಗ ತಗ್ಗಿದ್ದರೆ ಡಿಕೋಡರ್ ಹೆಚ್ಚು ಶಕ್ತಿ ಕೊಡುತ್ತದೆ. ಹೀಗಾಗಿ ಮಧ್ಯಮ ವೇಗದಲ್ಲಿ ವೋಲ್ಟೇಜ್ ಕೊರತೆ ಗೊತ್ತೇ ಆಗುವುದಿಲ್ಲ. ಪೂರ್ಣ ವೇಗದಲ್ಲಿ ಹೆಚ್ಚಿಸಲು ಏನೂ ಉಳಿದಿರದ ಕಾರಣ ಇಂಜಿನ್ ದೂರದ ತುದಿಯಲ್ಲಿ ಮಂಕಾಗುತ್ತದೆ.

ಹಂತ 4: ಗೇರು

ಈ ಪರೀಕ್ಷೆಗೆ ಬ್ಯಾಕ್ ಇಎಂಎಫ್ ಆಫ್ ಮಾಡಿ, ಸಿವಿ 3 (ವೇಗ ಏರುವ ನಿಧಾನ) ಮತ್ತು ಸಿವಿ 4 (ವೇಗ ಇಳಿಯುವ ನಿಧಾನ) ಎರಡನ್ನೂ 0 ಮಾಡಿ. ಆಗ ಡಿಕೋಡರ್ ಮುಚ್ಚಿಟ್ಟಿದ್ದ ಬಿಗಿತ ಹೊರಬೀಳುತ್ತದೆ. ಒಂದು ಚಕ್ರಕ್ಕೆ ಬಿಳಿ ಚುಕ್ಕೆ ಇಟ್ಟು ಓಡಿಸಿ. ಚುಕ್ಕೆ ಒಂದು ಸುತ್ತು ಬಂದಾಗಲೆಲ್ಲ ಒಮ್ಮೆ ಕುಲುಕಿದರೆ ಆಕ್ಸಲ್ ಗೇರು ಸೀಳಿರಬಹುದು. ಉಗಿ ಇಂಜಿನ್ನಾದರೆ ಪಕ್ಕದ ಸರಳುಗಳು ಬಿಗಿಯುತ್ತಿರಬಹುದು. ಇಳಿಜಾರಿನಲ್ಲಿ ಮಾತ್ರ ಕುಲುಕಿದರೆ ವರ್ಮ್ ಗೇರು (ಮೋಟಾರು ತಿರುಗಿಸುವ ತಿರುಪಿನಂಥ ಗೇರು) ಹಿಂದೆ ಮುಂದೆ ಸರಿದಾಡುತ್ತಿದೆ. ತೆಳು ವಾಷರ್ ಹಾಕಿ. ಎಣ್ಣೆ ಪ್ಲಾಸ್ಟಿಕ್ಕಿಗೆ ಹಾನಿ ಮಾಡದ್ದಾಗಿರಲಿ, ಸೂಜಿಮೊನೆಯಷ್ಟೇ ಹಾಕಿ. ಬಾಗಿಲಿನ ತಿರುಗಣೆಗೆ ಹೊಡೆಯುವ ಸ್ಪ್ರೇ ಇಲ್ಲಿಗೆ ಸಲ್ಲದು.

ಹಂತ 5: ಈಗ ಸಿವಿ

ಹಿಂದೆ ಯಾರೋ ತಿರುಚಿದ್ದರೆ ಮೊದಲು ರೀಸೆಟ್ ಮಾಡಿ. ಹಲವು ಡಿಕೋಡರ್‌ಗಳಲ್ಲಿ ಸಿವಿ 8ಕ್ಕೆ 8 ಬರೆದರೆ ಸಾಕು. ವಿಳಾಸ (ಇಂಜಿನ್ನನ್ನು ಕರೆಯುವ ಸಂಖ್ಯೆ) ಮತ್ತೆ 3 ಆಗುತ್ತದೆ. ಬ್ಯಾಕ್ ಇಎಂಎಫ್ ಹೊಂದಿಸುವ ಸಿವಿಗಳು ತಯಾರಕರಿಂದ ತಯಾರಕರಿಗೆ ಬೇರೆ, ಹಾಗಾಗಿ ಕೈಪಿಡಿ ಪಕ್ಕದಲ್ಲಿರಲಿ. ಒಂದು ಸಲಕ್ಕೆ ಒಂದೇ ಸಿವಿ ಬದಲಿಸಿ, ಹಳೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹಠಾತ್ತನೆ ಪೂರ್ಣ ವೇಗದಲ್ಲಿ ಓಡಿಬಿಡುವ ಇಂಜಿನ್ನಿಗೆ ಸಿವಿ 29ರಲ್ಲಿ ಅನಲಾಗ್ ಓಟವನ್ನು (ಡಿಸಿಸಿ ಇಲ್ಲದ ಸಾದಾ ಕರೆಂಟಿನಲ್ಲಿ ಓಡುವುದನ್ನು) ಆಫ್ ಮಾಡಿ: ಅಲ್ಲಿ 6 ಇದ್ದರೆ 2 ಮಾಡಿ. ಒಂದು ದಿಕ್ಕಿನಲ್ಲಿ ಮಾತ್ರ ನಿಧಾನವಾದರೆ ಸಿವಿ 66 (ಮುಂದಕ್ಕೆ) ಮತ್ತು ಸಿವಿ 95 (ಹಿಂದಕ್ಕೆ) ನೋಡಿ.

ಎರಡು ಇಂಜಿನ್ ಜೋಡಿಸಿ ಓಡಿಸುವವರು ಎರಡನ್ನೂ ಮೊದಲು ಚೆನ್ನಾಗಿ ಓಡಿಸಿ ಬಿಸಿ ಮಾಡಿ. 28 ಹೆಜ್ಜೆಯ ವೇಗ ಪಟ್ಟಿಗಿಂತ ಸಿವಿ 2, 6, 5 (ಆರಂಭದ, ಮಧ್ಯಮ, ಗರಿಷ್ಠ ವೇಗ) ಎಂಬ ಮೂರೇ ಸಂಖ್ಯೆಗಳಿಂದ ಹೊಂದಿಸುವುದು ನನಗೆ ಮೆಚ್ಚು, ಡಿಕೋಡರ್ ಒಪ್ಪಿದರೆ. ಎಚ್‌ಒ ಎಂಬ ಮಾದರಿ ರೈಲಿನ ಅಳತೆ 1:87. ಅದರಲ್ಲಿ ನಿಜವಾದ ರೈಲಿನ ಗಂಟೆಗೆ 60 ಕಿ.ಮೀ. ಎಂದರೆ 1 ಮೀಟರ್ ಹಳಿ ದಾಟಲು ಸುಮಾರು 5.2 ಸೆಕೆಂಡ್. ಗಡಿಯಾರ ಹಿಡಿದು ಎರಡನ್ನೂ ಅದಕ್ಕೆ ತನ್ನಿ. ಆಮೇಲೆ ಕೊಂಡಿ ಹಾಕದೆ ಗೇಣುದ್ದ ಅಂತರದಲ್ಲಿ ಎರಡನ್ನೂ ಓಡಿಸಿ. ಹಿಂದಿನದು ಹತ್ತಿರ ಬರುತ್ತಿದ್ದರೆ ಅದರ ಸಿವಿ 6 ಒಂದೆರಡು ಅಂಕ ಇಳಿಸಿ, ದೂರವಾದರೆ ಏರಿಸಿ. ಇಡೀ ಸುತ್ತು ಅಂತರ ಹಾಗೇ ಉಳಿದಾಗ ಕೊಂಡಿ ಹಾಕಿ.