ಕ್ಲೌಡ್‌ನಲ್ಲಿರುವ ಫೈಲ್ ನಿಮ್ಮದಾ, ಅವರದ್ದಾ?

ವರ್ಷಗಟ್ಟಲೆ ತೆರೆದು ನೋಡುತ್ತಿದ್ದ ಲೆಕ್ಕದ ಶೀಟ್ ಒಂದು ಬೆಳಿಗ್ಗೆ ನನ್ನ ಗೂಗಲ್ ಡ್ರೈವ್‌ನಲ್ಲಿ ಕಾಣಲಿಲ್ಲ. ಅದನ್ನು ಮಾಡಿದ ಗೆಳೆಯ ಜಾಗ ಸಾಲದೆ ಹಳೇ ಫೈಲ್‌ಗಳನ್ನೆಲ್ಲ ಅಳಿಸಿ, ಟ್ರ್ಯಾಶನ್ನೂ ಖಾಲಿ ಮಾಡಿದ್ದ. ತಪ್ಪು ಅವನದ್ದಲ್ಲ. ಫೈಲ್ ಅವನದ್ದು, ನನ್ನ ಹತ್ತಿರ ಇದ್ದದ್ದು ಬರೀ ದಾರಿ.

ಹಾಗಾಗಿ ಫೋಲ್ಡರ್ ಜೋಡಿಸುವ ಮೊದಲು ಓನರ್ ಯಾರೆಂದು ನೋಡಿ. ‘ಶೇರ್ಡ್ ವಿತ್ ಮಿ’ ಎಂಬಲ್ಲಿ ಇರುವುದೆಲ್ಲ ಬೇರೆಯವರದ್ದು. ಅದು ನಿಮ್ಮ ಜಾಗ ತಿನ್ನುವುದಿಲ್ಲ, ಆದರೆ ಅವರು ಪೂರ್ತಿ ಅಳಿಸಿದರೆ ನಿಮಗೂ ಇಲ್ಲ. ಬೇಕೇ ಬೇಕಾದದ್ದಕ್ಕೆ ‘ಮೇಕ್ ಎ ಕಾಪಿ’ ಕೊಡಿ. ಕಾಪಿ ನಿಮ್ಮದಾಗುತ್ತದೆ. ಮುಂದೆ ಅವರು ಮಾಡುವ ತಿದ್ದುಪಡಿ ಮಾತ್ರ ಅದಕ್ಕೆ ಬರುವುದಿಲ್ಲ. ಸುಮ್ನೆ ಆಗಾಗ ನೋಡುವ ಫೈಲ್ ಆದರೆ ಶಾರ್ಟ್‌ಕಟ್, ಅಂದರೆ ಮೂಲ ಫೈಲಿಗೆ ಕರೆದೊಯ್ಯುವ ಕೊಂಡಿ, ಸಾಕು.

ಈಗ ಫೋಲ್ಡರ್. ಮೇಲ್ಮಟ್ಟದಲ್ಲಿ ನಾಲ್ಕೈದು ಇದ್ದರೆ ಸಾಕು: ಮನೆ, ಕೆಲಸ, ದಾಖಲೆ, ಹಂಚಿದ್ದು. ಒಳಗೊಳಗೆ ಮೂರು ಹಂತಕ್ಕಿಂತ ಆಳಕ್ಕೆ ಹೋದರೆ ಹುಡುಕುವವರು ನೀವೇ, ಬೇಸರಪಡುವವರೂ ನೀವೇ.

ಹೆಸರಿಡುವಾಗ ತಾರೀಖು ಹಾಕುವುದಾದರೆ ವರ್ಷ ಮೊದಲಿರಲಿ: 2025-03-14 ಬಾಡಿಗೆ ರಸೀದಿ. ಹೆಸರಿನ ಪ್ರಕಾರ ಸಾಲು ಮಾಡಿದಾಗ ಫೈಲ್‌ಗಳು ತಾವಾಗೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ದಿನ ಮೊದಲು ಬರೆದರೆ ಎಲ್ಲ ತಿಂಗಳ 14ನೇ ತಾರೀಖೂ ಒಂದೇ ಕಡೆ ಗುಂಪಾಗುತ್ತದೆ. ‘ಸ್ಕ್ಯಾನ್ 0047’ ಎಂಬ ಹೆಸರನ್ನು ಅಪ್‌ಲೋಡ್ ಮಾಡಿದ ದಿನವೇ ಬದಲಿಸಿ. ನಾಳೆ ಮಾಡೋಣ ಅಂದದ್ದು ನಾನಂತೂ ಮಾಡಿದ್ದಿಲ್ಲ.

ಹಂಚುವಾಗ ಜಾಸ್ತಿ ಎಚ್ಚರ ಬೇಕು. ಫೋಲ್ಡರ್ ಹಂಚಿದರೆ ಅದರೊಳಗಿನದ್ದೆಲ್ಲ ಹಂಚಿದಂತೆ. ನಾಳೆ ಅದರೊಳಗೆ ಹಾಕುವ ಫೈಲ್ ಕೂಡ. ಪಾಸ್‌ಪೋರ್ಟ್ ಪ್ರತಿಯನ್ನು ಮರೆತು ಅಲ್ಲಿಗೆ ಎಳೆದು ಬಿಟ್ಟರೆ ಎಲ್ಲರೂ ನೋಡಬಹುದು, ಅಲ್ವಾ? ಅದಕ್ಕೇ ‘ಹಂಚಿದ್ದು’ ಬೇರೆ ಇರಲಿ ಎಂದದ್ದು. ಅನುಮತಿ ಮೂರು ಬಗೆ: ವ್ಯೂವರ್ ನೋಡಬಹುದು, ಕಾಮೆಂಟರ್ ಟಿಪ್ಪಣಿ ಹಾಕಬಹುದು, ಎಡಿಟರ್ ತಿದ್ದಬಹುದು. ಓದಿದರೆ ಸಾಕು ಎನ್ನುವವರಿಗೆ ಎಡಿಟರ್ ಕೊಡಬೇಡಿ. ‘ಲಿಂಕ್ ಇರುವ ಯಾರಾದರೂ’ ಎಂಬ ಆಯ್ಕೆ ಸಲೀಸು ನಿಜ, ಆದರೆ ಆ ಲಿಂಕ್ ಯಾರಿಂದ ಯಾರಿಗೆ ಹೋಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಹೆಸರು ಹಿಡಿದು ಇಮೇಲ್‌ಗೆ ಕೊಡುವುದೇ ವಾಸಿ. ಕೆಲಸ ಮುಗಿದ ಮೇಲೆ ಆ ಹೆಸರುಗಳನ್ನು ತೆಗೆಯಿರಿ.

ಜಾಗದ ವಿಷಯ ಚಿಕ್ಕದು. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗವನ್ನು ಡ್ರೈವ್, ಜಿಮೇಲ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಸ್ಟೋರೇಜ್ ಪುಟದಲ್ಲಿ ದೊಡ್ಡ ಫೈಲ್ ಮೇಲೆ ಬರುವಂತೆ ಸಾಲು ಮಾಡಿ, ಬೇಡದ್ದನ್ನು ಅಳಿಸಿ. ಡ್ರೈವ್‌ನ ಟ್ರ್ಯಾಶ್‌ನಲ್ಲಿ ಅದು 30 ದಿನ ಇರುತ್ತದೆ, ಅಲ್ಲಿದ್ದಷ್ಟು ದಿನ ಜಾಗವನ್ನೂ ಹಿಡಿದಿರುತ್ತದೆ. ಅಳಿಸುವ ಮುಂಚೆ ಆ ಫೈಲನ್ನು ಯಾರೊಡನೆ ಹಂಚಿದ್ದೀರಿ ಎಂದೂ ಒಮ್ಮೆ ನೋಡಿ. ಇನ್ನೊಬ್ಬರ ಲೆಕ್ಕದ ಶೀಟ್ ಅದೇ ಇರಬಹುದು.

ಕೊನೆಗೊಂದು ಮಾತು, ಸಿಂಕ್ ಬಗ್ಗೆ, ಅಂದರೆ ಕಂಪ್ಯೂಟರ್‌ನ ಫೋಲ್ಡರನ್ನೂ ಕ್ಲೌಡನ್ನೂ ತಾನಾಗೇ ಒಂದೇ ಥರ ಇಡುವುದರ ಬಗ್ಗೆ. ಕಂಪ್ಯೂಟರ್‌ನ ಸಿಂಕ್ ಫೋಲ್ಡರ್‌ನಲ್ಲಿ ಅಳಿಸಿದ್ದು ಕ್ಲೌಡ್‌ನಲ್ಲೂ ಅಳಿಯುತ್ತದೆ. ಕಳೆದರೆ ಮತ್ತೆ ಸಿಗದ ಫೋಟೋ, ದಾಖಲೆಗಳ ಇನ್ನೊಂದು ಪ್ರತಿಯನ್ನು ಹಾರ್ಡ್‌ಡಿಸ್ಕ್‌ಗೆ ಹಾಕಿ, ಡಿಸ್ಕನ್ನು ಕಂಪ್ಯೂಟರ್‌ನಿಂದ ಬಿಚ್ಚಿಡಿ.