ಹಳೆಯ ಜೆನ್‌ಗೆ 1.3 ಲೀಟರ್ ಎಂಜಿನ್: ಕೂರಿಸುವ ಮುನ್ನ, ಕೂರಿಸಿದ ಮೇಲೆ

1993ರಲ್ಲಿ ಬಂದ ಮಾರುತಿ ಜೆನ್‌ನಲ್ಲಿದ್ದದ್ದು 993 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ಮಾರುತಿಯದೇ ಎಸ್ಟೀಮ್ ಕಾರಿನ 1298 ಸಿಸಿ ಎಂಜಿನ್ ಸುಜುಕಿಯವರ ಅದೇ ‘ಜಿ’ ಮನೆತನಕ್ಕೆ ಸೇರಿದ್ದು. ಮೊದಲನೆಯದರ ಬೋರ್ (ಸಿಲಿಂಡರಿನ ಒಳವ್ಯಾಸ) 72 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 61 ಮಿ.ಮೀ.; ಎರಡನೆಯದರದು ಕ್ರಮವಾಗಿ 74 ಮತ್ತು 75.5. ಎಂಟುನೂರು ಕೆ.ಜಿ.ಯೂ ತೂಗದ ಜೆನ್‌ಗೆ ಹದಿನಾರು ವಾಲ್ವಿನ ಎಸ್ಟೀಮ್ ಎಂಜಿನ್‌ನ ಸುಮಾರು 85 ಅಶ್ವಶಕ್ತಿ ದೊರೆತರೆ ಪುಟ್ಟ ಕಾರಿನ ಸ್ವಭಾವವೇ ಬದಲಾಗುತ್ತದೆ. ಮೈಸೂರು, ಮಂಡ್ಯಗಳ ಹುಡುಗರು ಈ ಜೋಡಿಯ ಬಗ್ಗೆ ಮತ್ತೆ ಮತ್ತೆ ವಿಚಾರಿಸುವುದರಿಂದ, ನಾನು ಮಾಡಿ ಕಲಿತದ್ದನ್ನೂ ಕೆಡಿಸಿ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಎಂಜಿನ್ ಇಳಿಸಿ ಏರಿಸುವುದು ಒಂದೆರಡು ದಿನದ ಕೆಲಸ. ತಿಂಗಳುಗಳನ್ನು ನುಂಗುವುದು ಅದರ ಸುತ್ತಲಿನ ಕೆಲಸ.

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ಪುಸ್ತಕವನ್ನು ಬಿಡಿಸಿ ನೋಡಬೇಕು. ಎಂಜಿನ್ ಸಂಖ್ಯೆಯೂ ಸಿಸಿಯೂ ಅದರಲ್ಲಿ ದಾಖಲಾಗಿವೆ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ ಅಥವಾ ಎರಡೂ ಆಗಬಹುದು. ನಿಮ್ಮ ಗಾಡಿ ಕೆಎ-09, ಕೆಎ-55, ಕೆಎ-11, ಯಾವ ಕಚೇರಿಯದೇ ಆಗಿರಲಿ, ಅಲ್ಲಿ ಮುಂಚಿತವಾಗಿ ಲಿಖಿತವಾಗಿ ಕೇಳಿರಿ. ಒಪ್ಪಿಗೆ ಸಿಗದಿದ್ದರೆ ಆ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗಿ ಮುಚ್ಚಿದ ಮೈದಾನದ ಸ್ಪರ್ಧೆಯಲ್ಲಿ ಮಾತ್ರ ಓಡಿಸಬೇಕು. ‘ಸಂಖ್ಯೆ ಯಾರು ನೋಡುತ್ತಾರೆ’ ಎನ್ನುವ ಗೆಳೆಯರು ಅಪಘಾತವಾದ ದಿನ ವಿಮೆಯ ಕಡತದ ಮುಂದೆ ನಿಮ್ಮ ಜೊತೆ ಕೂರುವುದಿಲ್ಲ.

ಎಂಜಿನ್ ಕೊಳ್ಳುವಾಗ ಗುಜರಿ ಅಂಗಡಿಯಲ್ಲಿ ಬಿಡಿಯಾಗಿ ಬಿದ್ದಿರುವುದನ್ನು ಕೊಳ್ಳುವುದಕ್ಕಿಂತ, ಓಡುವ ಸ್ಥಿತಿಯಲ್ಲಿರುವ ಇಡೀ ಎಸ್ಟೀಮ್ ಕಾರನ್ನೇ ಕೊಳ್ಳುವುದು ಕೊನೆಗೆ ಅಗ್ಗ. ವೈರಿಂಗ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಸೆನ್ಸರ್, ರೇಡಿಯೇಟರ್, ಕ್ಲಚ್, ಫ್ಲೈವೀಲ್, ಬ್ರೇಕ್ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಎಂಜಿನ್ ಕೊಡುವ ಈ ದಾನಿ ಕಾರಿನಲ್ಲಿ ಕಳ್ಳತನ ತಡೆಯುವ ಐಕ್ಯಾಟ್ಸ್ ವ್ಯವಸ್ಥೆಯಿದ್ದರೆ ಇಸಿಯು, ಕೀಲಿ ಮತ್ತು ಅದರ ಡಬ್ಬಿಯನ್ನು ಒಟ್ಟಿಗೆ ತೆಗೆದಿಡಿ. ಒಂದು ತಪ್ಪಿದರೂ ಎಂಜಿನ್ ಸ್ಟಾರ್ಟ್ ಆಗದು. ಕೊಳ್ಳುವ ಮುನ್ನ ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ತುಳಿದು ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿರಿ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಅಂದಾಜು ಶೇಕಡ 7ರಷ್ಟು ತೆಳು, ಹಾಗಾಗಿ ಮೀಟರಿನ ಅಂಕಿ ಪುಸ್ತಕದ್ದಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ. ಸಿಲಿಂಡರ್‌ಗಳ ನಡುವಣ ವ್ಯತ್ಯಾಸ ಚದರ ಸೆಂಟಿಮೀಟರಿಗೆ 1 ಕೆ.ಜಿ.ಯನ್ನು ಮೀರಿದರೆ ಮಾತ್ರ ಆ ಎಂಜಿನ್ನಿಗೆ ಕೈಮುಗಿದು ಬನ್ನಿ.

ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ಅದರ ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್ ಮತ್ತು ಕ್ಲಚ್ ಹೊಸದಾಗಬೇಕು. ಒಳಗೆ ಕೂತ ಮೇಲೆ ಇದೇ ಕೆಲಸಕ್ಕೆ ಮೂರು ಪಟ್ಟು ಹೊತ್ತು ಹಿಡಿಯುತ್ತದೆ. ಬಳಿಕ ಎಂಜಿನ್ ಕೂರುವ ಫೌಂಡೇಶನ್ ರಬ್ಬರುಗಳನ್ನು ಸಡಿಲವಾಗಿ ಜೋಡಿಸಿ, ಎಂಜಿನ್ನನ್ನು ಚೈನ್ ಪುಲ್ಲಿಯಲ್ಲಿ ತೂಗುಹಾಕಿರುವಾಗಲೇ ಬಾನೆಟ್, ರೇಡಿಯೇಟರ್ ಫ್ಯಾನ್ ಮತ್ತು ಸೈಲೆನ್ಸರ್ ಪೈಪಿನ ಅಂತರಗಳನ್ನು ಅಳೆಯಿರಿ. ಚಾಲೂ ಎಂಜಿನ್ ಎಳೆತಕ್ಕೆ ಬಿದ್ದಾಗ ಹಿಂದೆ ಮುಂದೆ ವಾಲುತ್ತದೆ. ನಿಂತಾಗ ತಾಗದ್ದು ಓಡುವಾಗ ತಾಗೀತು. ಆಕ್ಸಲ್‌ಗಳ ಉದ್ದ ಮತ್ತು ಹಲ್ಲುಗಳ ಲೆಕ್ಕ ಎರಡೂ ಕಡೆ ತಾಳೆಯಾಗಬೇಕು. ಆಗದಿದ್ದರೆ ಲೇತ್‌ನವರ ಬಳಿ ಬೆಸೆದ ಆಕ್ಸಲ್ ಹಾಕಿಕೊಳ್ಳುವ ಬದಲು, ಸರಿಹೊಂದುವ ಗೇರ್‌ಬಾಕ್ಸನ್ನೇ ಹುಡುಕಿರಿ.

ಕಾರ್ಬುರೇಟರ್ ಕಾಲದ ಜೆನ್‌ಗೆ ಎಂಪಿಎಫ್‌ಐ (ಇಂಜೆಕ್ಟರುಗಳು ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ಹಾಕುವವರು ಹೆಚ್ಚಾಗಿ ಎಡವುವುದು ಪೆಟ್ರೋಲ್ ಪೂರೈಕೆಯಲ್ಲಿ. ಕಾರ್ಬುರೇಟರಿಗೆ ಪೆಟ್ರೋಲ್ ಸುಮ್ಮನೆ ಹರಿದು ಬಂದರೆ ಸಾಕು, ಇಂಜೆಕ್ಟರಿಗೆ ಎರಡೂವರೆಯಿಂದ ಮೂರು ಬಾರ್ ಒತ್ತಡ ಬೇಕು. ಆದ್ದರಿಂದ ವಿದ್ಯುತ್ ಪಂಪು, ಒತ್ತಡ ತಡೆಯುವ ಹೋಸು, ಇಂಜೆಕ್ಷನ್‌ಗೆಂದೇ ಮಾಡಿದ ಕ್ಲಿಪ್ಪು ಅಗತ್ಯ. ಹಳೆಯ ಹೋಸಿಗೆ ತಂತಿ ಬಿಗಿದು ನಿಭಾಯಿಸುವುದು ಬೆಂಕಿಗೆ ಆಹ್ವಾನ. ವೈರಿಂಗ್‌ನಲ್ಲಿ ಎಂಜಿನ್ನಿನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ದಪ್ಪನೆಯ ಅರ್ತ್ ತಂತಿ ಕೊಡುವುದನ್ನು ಮರೆಯದಿರಿ. ಸೆನ್ಸರ್ ಕೆಟ್ಟಿದೆಯೆಂದು ಬದಲಿಸಿದ ಎಷ್ಟೋ ಕಡೆ ತಪ್ಪಿದ್ದದ್ದು ಅರ್ತ್ ಮಾತ್ರ.

ಬ್ರೇಕಿನ ವಿಷಯದಲ್ಲಿ ಜಿಪುಣತನ ಕೂಡದು. ವೇಗ ಎಂಬತ್ತರಿಂದ ನೂರಕ್ಕೆ ಏರಿದರೆ ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ಶೇಕಡ 56ರಷ್ಟು ಹೆಚ್ಚುತ್ತದೆ. ಮೂಲ ಎಂಜಿನ್ನಿನ ಜೆನ್‌ನಲ್ಲೇ ಚಾಮುಂಡಿ ಬೆಟ್ಟವನ್ನು ಬ್ರೇಕಿನ ಮೇಲೆಯೇ ಇಳಿದವರಿಗೆ ಪೆಡಲ್ ಮೆತ್ತಗಾಗುವ ಅನುಭವ ಗೊತ್ತು. ಹಾಗಾಗಿ ಎಸ್ಟೀಮ್‌ನ ಮುಂಭಾಗದ ಡಿಸ್ಕ್, ಕ್ಯಾಲಿಪರ್, ಬೂಸ್ಟರುಗಳು ಹೊಂದುತ್ತವೆಯೇ ಎಂದು ಎಂಜಿನ್ ಕೆಲಸ ಶುರುವಾಗುವ ಮುನ್ನವೇ ನೋಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವ ಚಾಳಿಯನ್ನು ನಾನು ಒಪ್ಪುವುದಿಲ್ಲ. ನಮ್ಮ ಹಳ್ಳಿಗಳ ರಸ್ತೆಯುಬ್ಬುಗಳೂ ಒಪ್ಪುವುದಿಲ್ಲ.

ಇನ್ನು ಆರೈಕೆ. ಒಂದು ಬೇಸಿಗೆಯಲ್ಲಿ ಮಂಡ್ಯದ ಕಡೆ ಹೋಗಿದ್ದಾಗ ರೇಡಿಯೇಟರಿಗೆ ಬೋರ್‌ವೆಲ್ ನೀರು ತುಂಬಿ, ಅದನ್ನೇ ತಿಂಗಳುಗಟ್ಟಲೆ ಬಿಟ್ಟಿದ್ದೆ. ಬಿಚ್ಚಿದಾಗ ಕೊಳವೆಗಳೊಳಗೆ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿ ಗಟ್ಟಿ ಪದರವಿತ್ತು. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಸಮಪ್ರಮಾಣದಲ್ಲಿ ಬೆರೆಸಿ ಹಾಕಿದರೆ ಆ ತೊಂದರೆಯಿಲ್ಲ. ‘ಬಿಸಿಯಾಗುತ್ತದೆ, ಥರ್ಮೋಸ್ಟ್ಯಾಟ್ ತೆಗೆದುಬಿಡೋಣ’ ಎನ್ನುವ ಮೇಸ್ತ್ರಿಗೆ ನಯವಾಗಿ ಬೇಡವೆನ್ನಿ. ಅದನ್ನು ತೆಗೆದರೆ ಎಂಜಿನ್ ತಣ್ಣಗೇ ಉಳಿಯುತ್ತದೆ. ಇನ್ನೂ ಕಾದಿಲ್ಲವೆಂದು ಭಾವಿಸಿ ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಆ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ಲನ್ನು ತೊಳೆದು ಸವೆತ ತರುತ್ತದೆ.

ಮೊದಲ ಐವತ್ತು ಕಿಲೋಮೀಟರಿನ ಬಳಿಕ ಫೌಂಡೇಶನ್, ಆಕ್ಸಲ್ ಮತ್ತು ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ನೋಡಿ. ಐನೂರಕ್ಕೆ ಆಯಿಲ್ ಹಾಗೂ ಫಿಲ್ಟರ್, ಆಮೇಲೆ ಐದು ಸಾವಿರಕ್ಕೊಮ್ಮೆ. ಮೈದಾನದಲ್ಲಿ ಓಡಿಸುವ ಕಾರಾದರೆ ಪ್ರತಿ ಸ್ಪರ್ಧೆಯ ನಂತರ ಏರ್ ಫಿಲ್ಟರ್ ಬಿಚ್ಚಿ ಕೊಡವಿರಿ, ಕೆಂಪು ದೂಳು ಫಿಲ್ಟರಿನ ಆಚೆ ಬದಿಗೂ ಕಂಡರೆ ಅಂದೇ ಹೊಸದು ಹಾಕಿ. ಯಾವ ಭಾಗ ಯಾವ ಕಾರಿನದು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿಡಿ; ಕ್ಲಚ್ ಕೇಬಲ್ ತುಂಡಾದ ದಿನ ಬಿಡಿಭಾಗದ ಅಂಗಡಿಯವರು ‘ಯಾವ ಗಾಡಿ?’ ಎಂದು ಕೇಳಿದಾಗ ಉತ್ತರ ಅದರಲ್ಲಿರುತ್ತದೆ.